ಕೆಂಡದ ಹೊರಸು, ಥಂಡಿ ಪೆಟ್ಟಿಗೆ

ಕಿಟಕಿಯ ಸರಳು ಕತ್ತರಿಸಿದವನು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊಪ್ಪಳದ ಆ ಮನೆಯ ಮಾಲೀಕರು ಬಂದವರಿಗೆಲ್ಲ ಆ ಕಿಟಕಿ ತೋರಿಸಿ ನಿಟ್ಟುಸಿರು ಬಿಡುವಾಗ ನನ್ನ ಕಡೆಗೂ ಒಮ್ಮೆ ನೋಡುತ್ತಿದ್ದರು. ಕತ್ತರಿಸಿದವನು ನನಗಿಂತ ಮುಂಚೆ ಅಲ್ಲಿ ಬಾಡಿಗೆಗಿದ್ದ ಒಬ್ಬ ಎಂಜಿನಿಯರ್. ಕೂಲರ್ ಕೂರಿಸಲಿಕ್ಕೆಂದು ನಡುಮನೆಯ ಕಿಟಕಿಯ ನಾಲ್ಕು ಸರಳು ಕೊಯ್ಸಿದ್ದ. ವರ್ಗವಾದಾಗ ಕೂಲರನ್ನು ಹೊತ್ತುಕೊಂಡು, ತೂತನ್ನು ಅಲ್ಲೇ ಬಿಟ್ಟು ಹೋಗಿದ್ದ. ಆ ತೂತಿನ ದೆಸೆಯಿಂದ ಮಾಲೀಕರು ಹೊಸ ಬಾಡಿಗೆದಾರರಿಗೆ ಒಂದೇ ಕರಾರು ಹಾಕುತ್ತಿದ್ದರು. ಮೊದಲ ದಿನವೇ ನನ್ನನ್ನು ಮಹಡಿಯ ಮೇಲಿನ ತಮ್ಮ ಮನೆಗೆ ಕರೆದು ಚಹ ಕೊಟ್ಟು ಹೇಳಿದರು: “ಗ್ವಾಡಿಗೆ ಒಂದು ಮೊಳಿ ಬಿತ್ತಂದ್ರ ಅದು ನನ್ನ ಎದಿಗೆ ಬಿದ್ದಂಗ ನೋಡ್ರಿ.”

ಹೀಗಾಗಿ ನಮ್ಮ ಮನೆಯಲ್ಲಿ ದೇವರ ಫೋಟೋಗಳು ಕಪಾಟಿನಲ್ಲಿ ಒರಗಿ ಕೂತಿದ್ದವು, ಕ್ಯಾಲೆಂಡರು ಬಾಗಿಲ ಚಿಲಕಕ್ಕೆ ತೂಗುತ್ತಿತ್ತು, ಗೋಡೆ ಗಡಿಯಾರವು ಗೋಡೆಯನ್ನೇ ಕಾಣದೆ ಮೇಜಿನ ಮೇಲೆ ಅಂಗಾತ ಮಲಗಿತ್ತು. ಹೊತ್ತು ನೋಡಬೇಕೆಂದರೆ ಬಾವಿಗೆ ಬಗ್ಗಿದ ಹಾಗೆ ಬಗ್ಗಬೇಕು.

ನನಗೆ ಬಾಡಿಗೆ ಮನೆಗಳು ಹೊಸವಲ್ಲ. ನೌಕರಿ ಶುರುವಾದದ್ದು ಕುಷ್ಟಗಿಯಲ್ಲಿ, ಅಲ್ಲಿಂದ ಯಲಬುರ್ಗಾ. ತೊಂಬತ್ತೇಳರಲ್ಲಿ ಕೊಪ್ಪಳ ಜಿಲ್ಲೆಯಾಗಿ ಹೊಸ ಕಚೇರಿಗಳು ಬಾಗಿಲು ತೆರೆದಾಗ ಗುಮಾಸ್ತರು ಬೇಕಾದರು, ನಾನು ಟ್ರಂಕು ಹೊತ್ತು ಬಂದೆ. ನಡುವೆ ಐದು ವರ್ಷ ಗಂಗಾವತಿ. ಮತ್ತೆ ಕೊಪ್ಪಳ. ಪ್ರತಿ ಊರಿನ ಬೇಸಿಗೆಗೂ ಒಂದೊಂದು ಉಪಾಯ ಕಲಿತಿದ್ದೆವು. ಕುಷ್ಟಗಿಯದು ಮಣ್ಣಿನ ಮಾಳಿಗೆಯ ಮನೆ, ಅಲ್ಲಿ ಉಪಾಯವೇ ಬೇಕಿರಲಿಲ್ಲ. ಯಲಬುರ್ಗಾದಲ್ಲಿ ಕಿಟಕಿಗೆ ಹಸಿ ಸೀರೆ. ಗಂಗಾವತಿಯಲ್ಲಿ ಒಂದು ಕೂಲರು, ಅದರ ನೀರಿನಲ್ಲಿ ಹುಟ್ಟಿದ ಸೊಳ್ಳೆಗಳು, ಸೊಳ್ಳೆ ಓಡಿಸಲು ಬೇವಿನ ಹೊಗೆ, ಹೊಗೆ ತಾಳದೆ ನಾವೆಲ್ಲ ಅಂಗಳದಲ್ಲಿ. ಕೊಪ್ಪಳದ ಈ ಮನೆ ಸಿಮೆಂಟಿನ ಛಾವಣಿಯದು. ಸುತ್ತ ಕಲ್ಲುಗುಡ್ಡಗಳು ಹಗಲೆಲ್ಲ ಕಾದು, ಸಂಜೆಗೆ ಆ ಕಾವನ್ನು ನಮ್ಮ ಮನೆಗೇ ಕಳಿಸುತ್ತವೆಯೇನೋ ಅನ್ನಿಸುತ್ತಿತ್ತು. ಅಂಥ ಮನೆಗೆ, ಅಂಥ ಬೇಸಿಗೆಯಲ್ಲಿ, ನನ್ನ ಮಗಳು ಬಾಣಂತನಕ್ಕೆ ಬರಬೇಕಾಗಿತ್ತು.

ಇಲ್ಲಿ ನನ್ನ ಅವ್ವನ ವಿಚಾರ ಹೇಳಬೇಕು. ನನ್ನ ಮಾತೆಲ್ಲ ಅವಳಿಂದಲೇ ಬಂದದ್ದು. ಓದು ಬರಹ ಅರಿಯದ ಅವಳು ಒಂದು ಸಣ್ಣ ಸುದ್ದಿಯನ್ನು ಹೇಳಲಿಕ್ಕೆ ಕೂತರೆ ಒಲೆ ಮೇಲಿನ ಹಾಲು ಉಕ್ಕುವುದು ಯಾರಿಗೂ ತಿಳಿಯುತ್ತಿರಲಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಹೋಗಿ ಎಣ್ಣೆ ಹಚ್ಚಿ, ಎರೆದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀವಿ, ತಾಯಿಯನ್ನು ಕಾಸಿ ಬರುವವಳು ಅವಳೇ. ಕಾಸುವುದೆಂದರೆ, ಎರೆದ ಮೇಲೆ ಬಾಣಂತಿಯನ್ನು ಹಗ್ಗದ ಹೊರಸಿನ ಮೇಲೆ ಮಲಗಿಸಿ, ಹೊರಸಿನ ಕೆಳಗೆ ಶೆಗಡಿಯಲ್ಲಿ ಕೆಂಡ ಇಟ್ಟು, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸಿ, ಬಾಗಿಲು ಹಾಕುವುದು. ಸೊಂಟ ಗಟ್ಟಿಯಾಗಬೇಕು, ಮೈಯೊಳಗಿನ ಥಂಡಿ ಬೆವರಾಗಿ ಹರಿಯಬೇಕು. ಅವ್ವನ ಕೈ ಬಿದ್ದ ಬಾಣಂತಿಯರು ಮುದುಕಿಯರಾದರೂ ಸೊಂಟ ನೋವೆಂದು ಕೂತದ್ದಿಲ್ಲ ಎಂಬುದು ಅವಳ ಹೆಮ್ಮೆ.

ಆದರೆ ಅವಳಿಗೊಂದು ಕೊರತೆ. ಅವಳು ಹೆತ್ತದ್ದು ನಮ್ಮನ್ನು, ನಾಲ್ವರು ಗಂಡುಮಕ್ಕಳನ್ನು. ಬಾಣಂತನ ತವರಿನಲ್ಲಿ ಆಗುವಂಥದ್ದು. ಸೊಸೆಯರೆಲ್ಲ ತಂತಮ್ಮ ತವರಿಗೆ ಹೋಗಿ, ಕೂಸಿಗೆ ಐದು ತಿಂಗಳಾದ ಮೇಲೆ ತಿರುಗಿ ಬಂದವರು. ಊರ ಹೆಣ್ಣುಮಕ್ಕಳಿಗೆಲ್ಲ ಎರೆದ ಅವ್ವ ತನ್ನ ಸ್ವಂತ ಮನೆಯಲ್ಲಿ, ತನ್ನ ಮನೆಮಗಳಿಗೆ ಒಂದೇ ಒಂದು ಬಾಣಂತನ ಮಾಡಿರಲಿಲ್ಲ. ನನ್ನ ಮಗಳು ಆ ವಂಶದ ಏಕಮಾತ್ರ ಹೆಣ್ಣು. ಅವಳು ಹುಟ್ಟಿದ ಸುದ್ದಿ ಕೇಳಿದ ದಿನವೇ ಅವ್ವ, ಇನ್ನು ಇವಳ ಬಾಣಂತನ ನನ್ನದು ಎಂದಿದ್ದಳಂತೆ. ಹುಟ್ಟಿ ಒಂದು ತಾಸು ಆಗಿರಲಿಲ್ಲ.

ಇಪ್ಪತ್ತಮೂರು ವರ್ಷ ಕಾದ ಮೇಲೆ ಆ ಕಾಲ ಬಂತು. ಮಗಳ ಗಂಡ ಗಿಣಿಗೇರಾದ ಒಂದು ಕಾರ್ಖಾನೆಯಲ್ಲಿದ್ದ. ಕಾರ್ಖಾನೆಯವರು ಕೊಟ್ಟ ಕ್ವಾರ್ಟರ್ಸಿನಲ್ಲಿ ಎಸಿ ಇತ್ತು. ಏಳನೆಯ ತಿಂಗಳಿನಲ್ಲಿ ಮಗಳು ಫೋನ್ ಮಾಡಿದಳು: “ಅಪ್ಪಾ, ಇಲ್ಲಿ ಎಸಿ ಐತಿ. ಅಲ್ಲಿ ಏನೈತಿ? ಆಯಿಯ ಶೆಗಡಿ ಐತಿ. ನೀನ ಹೇಳು, ಎಲ್ಲಿ ಮಲಗಲಿ?” ಆಯಿ ಎಂದರೆ ನನ್ನ ಅವ್ವ. ಮನೆಯಲ್ಲಿ ಎಸಿ ಹಾಕಿಸಿದರೆ ಮೂರು ತಿಂಗಳು ಇರುತ್ತೇನೆ, ಇಲ್ಲವಾದರೆ ದವಾಖಾನೆಯಿಂದ ನೇರ ಗಿಣಿಗೇರಾಕ್ಕೆ ಎಂದು ಖಡಾಖಂಡಿತ ಹೇಳಿದಳು. ನಾನು ಅವ್ವನಿಗೆ ಇದನ್ನು ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಹೇಳಿದೆ. ಗಾಳಿ ಬೀಸಿದರೆ ಬಾಣಂತಿಯ ಕಿವಿಗೆ ಅರಳೆ ತುರುಕುವ ಹೆಂಗಸು ಅವಳು.

“ಹಾಕಸು,” ಎಂದಳು. “ಎಲ್ಲಿಂದರ ತಂದು ಹಾಕಸು ಆ ಥಂಡಿ ಪೆಟಿಗಿ. ಹುಡುಗಿ ಬರಲಿ.”

ಗಂಗಾವತಿಯಲ್ಲಿದ್ದಾಗ ನಮ್ಮ ಕೂಲರ್ ದುರಸ್ತಿ ಮಾಡುತ್ತಿದ್ದ ಮೆಕ್ಯಾನಿಕ್ ಒಬ್ಬನಿದ್ದ. ನಲವತ್ತು ದಾಟಿದ ಗಂಭೀರ ಮನುಷ್ಯ. ಯಂತ್ರವನ್ನು ಮುಟ್ಟುವ ಮೊದಲು ಅದಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಿದ್ದ. ಊರಿನಲ್ಲಿ ಮುಚ್ಚಿಹೋದ ಒಂದು ಕಂಪ್ಯೂಟರ್ ತರಗತಿಯ ಕಿಟಕಿ ಎಸಿಯೊಂದು ಅವನ ಬಳಿ ಇತ್ತು. ಹಳೆಯದು, ಗಿರಣಿಯಂತೆ ಸದ್ದು, ಆದರೆ ಜೀವ ಗಟ್ಟಿ. ಅದನ್ನು ತಂದು, ಎಂಜಿನಿಯರ್ ಬಿಟ್ಟುಹೋಗಿದ್ದ ತೂತಿನಲ್ಲಿ ಕೂರಿಸಿದ. ಅಳತೆ ತೆಗೆದು ಮಾಡಿಸಿದಂತೆ ಕೂತಿತು, ಒಂದು ಮೊಳೆಯೂ ಬೇಕಾಗಲಿಲ್ಲ. ಮಾಲೀಕರಿಗೆ ತಮ್ಮ ಹಳೆಯ ಗಾಯ ಮುಚ್ಚಿದಷ್ಟು ಸಮಾಧಾನವಾಯಿತು. ಹೊರಗೆ ಅದರಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಟ್ಟು ತಮ್ಮ ದಾಸವಾಳಕ್ಕೆ ಹಾಕತೊಡಗಿದರು. ನಳದ ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಅದೂ ಒಂದು ಲಾಭವೇ.

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಕೂಸು. ದವಾಖಾನೆಯ ಡಾಕ್ಟರಮ್ಮ ಕೂಸಿನ ಹತ್ತಿರ ಹೊಗೆ ಗಿಗೆ ಹಾಕಬೇಡಿ ಎಂದು ಅವ್ವನ ಮುಖ ನೋಡಿಯೇ ಎಚ್ಚರಿಸಿದರು. ಅವ್ವ ತಲೆಯಾಡಿಸಿದಳು. ಮನೆಗೆ ಬಂದ ದಿನ ನಾನು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಿದೆ. ನಾನು ಕಚೇರಿಯಲ್ಲಿ ಎಷ್ಟೋ ತಕರಾರು ಅರ್ಜಿಗಳನ್ನು ನೋಡಿದವನು, ಇದೇನು ಮಹಾ ಅಂದುಕೊಂಡೆ. ನಡುಮನೆಯಲ್ಲಿ ಕೆಂಡ ಇಡುವಂತಿಲ್ಲ. ತಲೆಗೂದಲಿಗೆ ಹೊಗೆ ಹಾಕುವುದಿದ್ದರೆ ಹಿತ್ತಲಿನಲ್ಲಿ. ಇದು ಅವ್ವನ ಪಾಲಿನದು. ಎರೆದುಕೊಂಡ ಮೇಲೆ ಒಂದು ತಾಸು ಎಸಿ ಹಾಕುವಂತಿಲ್ಲ, ತಲೆಗೆ ಸ್ಕಾರ್ಫು, ಕಿವಿಗೆ ಅರಳೆ ಬಿಡುವಂತಿಲ್ಲ. ಇದು ಮಗಳ ಪಾಲಿನದು. ಇಬ್ಬರೂ ನನ್ನ ಕೈಮೇಲೆ ಕೈಯಿಟ್ಟು ಒಪ್ಪಿದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಅಂಟಿನುಂಡಿಗೆ ಕೊಬ್ಬರಿ ತುರಿಯುತ್ತಿದ್ದಳು. ಅವಳು ಏನೂ ಹೇಳಲಿಲ್ಲ. ಅಂದು ನಾನು ಅದನ್ನು ಸಮ್ಮತಿ ಅಂದುಕೊಂಡೆ.

ಹತ್ತು ದಿನ ಸುಖವಾಗಿ ಕಳೆದವು. ಹನ್ನೊಂದನೆಯ ದಿನ ಸಂಜೆ ಮಾಲೀಕರು ಮೇಲಿನಿಂದ ಇಳಿದು ಬಂದರು. ಮುಖದಲ್ಲಿ ಕಳವಳ.

“ಸಾಹೇಬ್ರ, ಇವತ್ತ ನಿಮ್ಮ ಮಷಿನ್ ಉಚ್ಚಿ ಹೊಯ್ದಿಲ್ಲಲ್ರಿ.”

ಒಳಗೆ ಕೂಸಿನ ವಿಷಯದಲ್ಲಿ ಅವ್ವ ದಿನಕ್ಕೆ ನಾಲ್ಕು ಸಲ ಕೇಳುವ ಪ್ರಶ್ನೆಯೇ ಇದು. ಹೋಗಿ ನೋಡಿದರೆ ಎಸಿ ಸದ್ದು ಮಾಡುತ್ತಿದೆ, ಗಾಳಿ ಬರುತ್ತಿದೆ, ಆದರೆ ಅದು ಬಸ್ಸಿನ ಎಂಜಿನ್ನಿನ ಮೇಲೆ ಕೂತವರಿಗೆ ಬರುವ ಗಾಳಿ. ಬೆಳಗಿನ ಹೊತ್ತು ಚೆನ್ನಾಗಿಯೇ ಇರುತ್ತದೆ, ಹತ್ತೂವರೆ ದಾಟಿದರೆ ಏದುಸಿರು ಬಿಡುತ್ತದೆ ಎಂದು ಮಗಳು ಹೇಳಿದಳು. ಹತ್ತಕ್ಕೆ ನಾನು ಕಚೇರಿಗೆ ಹೊರಡುವವನು. ನಾನು ಇಲ್ಲದ ಹೊತ್ತಿನಲ್ಲೇ ಕೆಡುವ ಯಂತ್ರದ ಬುದ್ಧಿಗೆ ಬೆರಗಾಗಿ ಗಂಗಾವತಿಗೆ ಫೋನ್ ಮಾಡಿದೆ.

ಈಗ ಬೇರೊಂದು ತೊಡಕು ಬಂತು. ಹಸಿ ಬಾಣಂತಿ ಇರುವ ಖೋಲಿಗೆ ಪರಗಂಡಸು ಕಾಲಿಡುವುದೆಂದರೇನು? ಕೂಸಿನ ಮೇಲೆ ಕಣ್ಣು ಬಿದ್ದರೆ? ಅವ್ವ ಹೇಳಿದಳು, ಮನೆಯಲ್ಲಿ ಬಾಣಂತಿ ಇದ್ದಾಳೆಂದು ಅವನಿಗೆ ತಿಳಿಯಲೇಕೂಡದು. ಹಾಗಾದರೆ ಎಸಿ ಯಾರಿಗೆಂದು ಕೇಳಿದರೆ? “ನನಗ ಅಂತ ಹೇಳು,” ಎಂದು ಅವ್ವ ಕೂಸಿಗೋಸ್ಕರ ಆ ಅಪವಾದವನ್ನೂ ಹೊತ್ತಳು.

ಮೆಕ್ಯಾನಿಕ್ ಮರುದಿನ ಮಧ್ಯಾಹ್ನ ಮೂರರ ಬಸ್ಸಿಗೆ ಬರುವ ಹೊತ್ತಿಗೆ ನಮ್ಮ ನಡುಮನೆಯಿಂದ ತೊಟ್ಟಿಲು ಮಾಯ, ಕುಂಚಿಗೆಗಳು ಮಾಯ, ಹಗ್ಗದ ಮೇಲಿನ ಅಂಗೈ ಅಗಲದ ಬಟ್ಟೆಗಳು ಮಾಯ. ಮಗಳು, ಕೂಸು ಅಡಿಗೆಮನೆಯಲ್ಲಿ. ಹೊರಸಿನ ಮೇಲೆ ಅವ್ವ ಎಸಿಗೆ ಮುಖ ಮಾಡಿ, ರಾಣಿಯ ಹಾಗೆ ಕೂತಿದ್ದಾಳೆ. ಅವನು ಯಂತ್ರಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚಿದ. ಸರಿಯಾಗಿ ಆಗ ಅಡಿಗೆಮನೆಯಲ್ಲಿ ಕೂಸು ಒಮ್ಮೆ ಕುಂಯ್‌ಗುಟ್ಟಿತು. ಅವನು ಕಣ್ಣು ತೆರೆದು ಅಡಿಗೆಮನೆಯತ್ತ ತಿರುಗಿದ.

“ಬೆಕ್ಕು ಮರಿ ಹಾಕೈತಿ,” ಎಂದಳು ಕಿವಿ ಮಂದವಾದ ಅವ್ವ, ಅವನು ತಿರುಗಿದ್ದನ್ನು ನೋಡಿಯೇ.

ಅವನು ಮತ್ತೆ ಕಣ್ಣು ಮುಚ್ಚಿದ. ಕರೆಂಟು ಕಡಿಮೆ ಬರುತ್ತಿದೆ ಎಂಬುದು ಅವನ ಮೊದಲ ತೀರ್ಮಾನ. ಮಾಲೀಕರು ಮೂಲೆಗೆ ಹಾಕಿದ್ದ ಹಳೆಯ ಸ್ಟೆಬಿಲೈಜರನ್ನು ತಾವೇ ಹೊತ್ತು ತಂದರು, ದಾಸವಾಳದ ಪ್ರಶ್ನೆ. ಎರಡು ದಿನ ತಂಪು ಬಂತು. ಮೂರನೆಯ ದಿನ ಬಕೆಟ್ ಮತ್ತೆ ಒಣಗಿತು.

ಎರಡನೆಯ ಸಲ ಬಂದವನು ಗ್ಯಾಸ್ ಹೋಗಿದೆ ಎಂದ. ತುಂಬಿಸಿದ. ಧೂಳು ಸೋಸುವ ಮುಂದಿನ ಜಾಳಿಗೆಯನ್ನು ಒಮ್ಮೆ ನೋಡಬಾರದೇ ಎಂದು ನಾನು ಕೇಳಿದ್ದಕ್ಕೆ, ತಾನೇ ಕೈಯಾರೆ ತೊಳೆದು ಹಾಕಿದ ಜಾಳಿಗೆ ಅದು, ತಿಂಗಳಾಗುವುದರೊಳಗೆ ಅದರಲ್ಲೇನು ನೋಡುವುದು ಎಂದು ಬೇಸರಿಸಿಕೊಂಡ. ಹೊರಡುವ ಮುಂದೆ ಗುಂಡಿ ಎಲ್ಲಿಗೆ ತಿರುಗಿದೆ ಎಂದು ನೋಡಿದ. ಅದು ಅತಿ ಥಂಡಿಯ ಕೊನೆಗೆ ಬಂದು ನಿಂತಿತ್ತು. ಅವ್ವನ ಮುಂದೆ ಮಂಡಿಯೂರಿ ಕೂತು, ದೊಡ್ಡವರಿಗೆ ಬುದ್ಧಿ ಹೇಳುವ ಸಂಕೋಚದಿಂದಲೇ ಹೇಳಿದ: “ಅಮ್ಮಾರ, ತಪ್ಪು ತಿಳೀಬ್ಯಾಡ್ರಿ. ಥಂಡಿ ಆಸಿ ಎಲ್ಲಾರಿಗೂ ಇರತೈತಿ. ಆದ್ರ ನಿಮ್ಮ ವಯಸ್ಸಿಗೆ ಇಷ್ಟು ಆಗಂಗಿಲ್ರಿ. ಮಷಿನ್ನಿಗೂ ಆಗಂಗಿಲ್ಲ.”

ಎಪ್ಪತ್ತೆಂಟು ವರ್ಷ ಐಸ್ ಹಾಕಿದ ನೀರನ್ನು ಮುಟ್ಟದ ನನ್ನ ಅವ್ವ, ಮಳೆಗಾಲದಲ್ಲಿ ಬಾಳೆಹಣ್ಣನ್ನೂ ಥಂಡಿ ಎಂದು ದೂರವಿಡುವ ನನ್ನ ಅವ್ವ, ಹಲ್ಲು ಕಚ್ಚಿ, “ಆತಪಾ, ಕಡಿಮಿ ಮಾಡತೇನಿ,” ಎಂದಳು. ಅಡಿಗೆಮನೆಯಲ್ಲಿ ನನ್ನ ಮಗಳು ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳೆಂದು ಆಮೇಲೆ ತಿಳಿಯಿತು. ಗುಂಡಿಯನ್ನು ಅಲ್ಲಿಯ ತನಕ ತಿರುಗಿಸಿದವರು ಯಾರೆಂದು ಯೋಚಿಸುವ ಬುದ್ಧಿ ನನಗೆ ಆಗ ಬರಲಿಲ್ಲ.

ನಾಲ್ಕು ದಿನದಲ್ಲಿ ಅದು ಮತ್ತೆ ಬಿಸಿಗಾಳಿ ಉಗುಳತೊಡಗಿತು. ಈ ಸಲ ಬೆಳಿಗ್ಗೆ ಕೂಡ. ಹೊರಗೆ ಬಿಸಿಲು ಎಂಥದ್ದೆಂದರೆ ಅಂಗಳದ ನಳದ ತಲೆ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಕೂಸಿನ ಕುತ್ತಿಗೆಗೆ ಬೆವರುಸಾಲೆ ಎದ್ದವು. ಮಗಳು ಜಗಳವಾಡಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಶಾಂತವಾಗಿ ಗಂಡನಿಗೆ ಫೋನ್ ಮಾಡಿ ರವಿವಾರ ಗಾಡಿ ತರಲು ಹೇಳಿದಳು. ಗಿಣಿಗೇರಾ ಏನು ದೂರ? ಗಾಡಿ ಹತ್ತಿದರೆ ಅರ್ಧ ತಾಸು. ಇಪ್ಪತ್ತಮೂರು ವರ್ಷ ಕಾದು ಪಡೆದ ಬಾಣಂತನ ಆ ಅರ್ಧ ತಾಸಿನ ಆಚೆ ಹೋಗಿ ಬೀಳುವುದರಲ್ಲಿತ್ತು.

ಅವ್ವ ಅಂದು ಸಂಜೆ ಊಟ ಬೇಡವೆಂದಳು. ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತಳು. “ಆ ಗಂಗಾವತಿಯಾಂವಗ ಇನ್ನೊಮ್ಮಿ ಹೇಳು,” ಎಂದಳು. “ಮೂರು ತಿಂಗಳು ಓಡಲಿ. ಆಮ್ಯಾಲ ಅದು ಇದ್ರೇನು ಸತ್ರೇನು. ಹುಡುಗಿ ಸೊಂಟ ಇನ್ನೂ ಗಟ್ಟಿ ಆಗಿಲ್ಲ. ಮೈಯಾಗಿನ ಥಂಡಿ ಬಿಡವಲ್ದು, ಏನ ಮಾಡಿದ್ರೂ ಬೆವರ ಬರವಲ್ದು.” ಏನು ಮಾಡಿದರೂ ಎಂದರೆ ಏನು ಮಾಡುತ್ತಿದ್ದಾಳೆ ಎಂದು ನಾನು ಕೇಳಬೇಕಾಗಿತ್ತು. ಎಪ್ಪತ್ತೆಂಟರ ಅವ್ವನ ಕಣ್ಣಲ್ಲಿ ನೀರು ಕಂಡವನಿಗೆ ಪ್ರಶ್ನೆ ಎಲ್ಲಿಂದ ಹೊಳೆಯಬೇಕು? ಕೂಡಲೇ ಫೋನ್ ಮಾಡಿದೆ.

ಶನಿವಾರ ಮೆಕ್ಯಾನಿಕ್ ಬಂದ. ತೊಟ್ಟಿಲು ಮಾಯವಾಯಿತು, ಅವ್ವ ಹೊರಸೇರಿ ಕೂತಳು. ಅವನು ಈ ಸಲ ಕಿವಿ ಹಚ್ಚಲಿಲ್ಲ. ಸೋತ ವೈದ್ಯನ ಮುಖ ಹೊತ್ತು ಯಂತ್ರದ ಮುಂದಿನ ಮುಚ್ಚಳ ಕಳಚಿದ, ಜಾಳಿಗೆ ಹೊರಗೆಳೆದ. ಬಿಳಿಯಾಗಿರಬೇಕಾಗಿದ್ದ ಜಾಳಿಗೆ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿ, ಅಂಟಂಟಾಗಿ ಒಂದು ಕಣ್ಣೂ ಬಿಡದೆ ಮುಚ್ಚಿಹೋಗಿತ್ತು. ಬೂದಿಯ ಸಣ್ಣ ಎಳೆಗಳು ಉದುರಿದವು. ಅವನು ಅದನ್ನು ಮೂಗಿನ ಹತ್ತಿರ ಒಯ್ದ. ಮೂಸಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ. ಆಮೇಲೆ ನನ್ನ ಕಡೆ ತಿರುಗಿ, ತೀರಾ ಮೆಲ್ಲಗೆ ಕೇಳಿದ:

“ಸಾಹೇಬ್ರ, ಮನ್ಯಾಗ ಬಾಣಂತಿ ಅದಾರೇನ್ರಿ?”

ಇಲ್ಲವಲ್ಲ ಎಂದೆ. ನನ್ನ ಮಾತು ಮುಗಿಯುವ ಮೊದಲೇ ಅಡಿಗೆಮನೆಯಲ್ಲಿ ಕೂಸು ಮನೆ ಹಾರಿಹೋಗುವಂತೆ ಅಳತೊಡಗಿತು.

“ಅಜವಾನ,” ಎಂದ ಅವನು ಜಾಳಿಗೆಯ ಮೇಲೆ ಬೆರಳಾಡಿಸುತ್ತ. “ಬಳ್ಳೊಳ್ಳಿ ಸಿಪ್ಪಿ. ಲೋಬಾನ. ಬೆಕ್ಕಿಗೆ ಯಾರೂ ಇಷ್ಟು ಮಾಡಂಗಿಲ್ರಿ.”

ನಾನು ಅವ್ವನನ್ನು ನೋಡಿದೆ. ಅವ್ವ ಕಿಟಕಿಯನ್ನು ನೋಡಿದಳು. ಮೆಕ್ಯಾನಿಕ್ ಕೈ ಒರೆಸಲು ಬಟ್ಟೆ ಹುಡುಕುತ್ತ ಬಾಗಿಲನ್ನು ಸರಿಸಿದ. ಬಾಗಿಲ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಗೆರೆಗಳು, ಐದೈದರ ಕಟ್ಟು, ಒಟ್ಟು ಇಪ್ಪತ್ತಾರು. ಕೂಸು ಮನೆಗೆ ಬಂದು ಇಪ್ಪತ್ತಾರು ದಿನ. ನನ್ನ ಕೈಮೇಲೆ ಕೈಯಿಟ್ಟು ಒಪ್ಪಿದ್ದ ಅವ್ವ ಒಂದೇ ಒಂದು ದಿನವನ್ನೂ ಬಿಟ್ಟಿರಲಿಲ್ಲ.

ಹಕೀಕತ್ತು ಹೀಗಿತ್ತು. ನಾನು ಹತ್ತಕ್ಕೆ ಮನೆ ಬಿಟ್ಟ ಕೂಡಲೇ, ರವಿವಾರವಾದರೆ ಏನೋ ನೆವ ಹೇಳಿ ನನ್ನನ್ನು ಪೇಟೆಗೆ ಅಟ್ಟಿದ ಕೂಡಲೇ, ಅವ್ವ ಕೂಸನ್ನು ಸೊಸೆಯ ಕೈಗೆ ಕೊಟ್ಟು ಕಟ್ಟೆಗೆ ಕಳಿಸುತ್ತಿದ್ದಳು, ಡಾಕ್ಟರಮ್ಮನ ಮಾತು ಮೀರಬಾರದಲ್ಲ. ಎರೆದ ಮೊಮ್ಮಗಳನ್ನು ಹೊರಸಿನ ಮೇಲೆ ಮಲಗಿಸಿ, ಎಸಿ ಆರಿಸಿ, ಕೆಳಗೆ ಕೆಂಡ ಇಟ್ಟು, ನಿಮ್ಮಪ್ಪನಿಗೆ ಹೇಳಬೇಡ ಎಂದು ಬಾಗಿಲು ಮುಂದೆ ಮಾಡಿ ಹೊರಗೆ ಕಾವಲು ಕೂರುತ್ತಿದ್ದಳು. ಆಯಿಯ ಮನಸ್ಸು ನೋಯಿಸಲಾರದ ಮೊಮ್ಮಗಳು ಹ್ಞೂಂ ಎನ್ನುತ್ತಿದ್ದಳು. ಬಾಗಿಲು ಮುಚ್ಚಿದ ಕೂಡಲೇ ಮಲಗಿದಲ್ಲಿಂದಲೇ ಕೈ ಚಾಚಿ ಎಸಿ ಹಾಕಿ, ಆಯಿ ಬರುವ ಮುಂಚೆ ಆರಿಸುತ್ತಿದ್ದಳು. ಗಿರಣಿಯಂಥ ಸದ್ದು ಅವ್ವನ ಕಿವಿಗೆ ಬೀಳುತ್ತಿರಲಿಲ್ಲ, ಅವಳ ಕಿವಿ ಮಂದವಾಗಿ ವರ್ಷಗಳಾಗಿದ್ದವು. ತಾಸಿನ ಮೇಲೆ ಬಂದು ಮುಟ್ಟಿ ನೋಡಿದರೆ ಹುಡುಗಿಯ ಮೈ ತಣ್ಣಗೆ. ಇನ್ನೂ ಥಂಡಿ ಬಿಟ್ಟಿಲ್ಲವೆಂದು ಮರುದಿನ ಅವ್ವ ಒಂದು ಹಿಡಿ ಇದ್ದಿಲು ಹೆಚ್ಚು ಹಾಕುವಳು. ಕಾವು ಹೆಚ್ಚಾಯಿತೆಂದು ಮಗಳು ಗುಂಡಿಯನ್ನು ಒಂದು ಗೀಟು ಮುಂದೆ ತಿರುಗಿಸುವಳು. ಹಾಗೆಯೇ ಒಂದು ಶೆಗಡಿ ಎರಡಾಗಿತ್ತು, ಗುಂಡಿ ಕೊನೆ ಮುಟ್ಟಿತ್ತು.

“ಮ್ಯಾಲಿಂದ ಥಂಡಿ, ಕೆಳಗಿಂದ ಕೆಂಡ,” ಎಂದ ಮೆಕ್ಯಾನಿಕ್. “ನಡುವ ಈ ಮಷಿನ್ ಹೊಗಿ ಕುಡಕೋತ ಕುಂತೈತಿ ಪಾಪ. ಇದಕ್ಕ ಹುಚ್ಚ ಹಿಡಿಲಿಲ್ಲ ಅನ್ನೋದ ದೊಡ್ಡದು.”

ಅಷ್ಟರಲ್ಲಿ ಮಗಳು ಕೂಸನ್ನೆತ್ತಿಕೊಂಡು ಹೊರಗೇ ಬಂದುಬಿಟ್ಟಿದ್ದಳು. ಬಚ್ಚಿಡುವುದಕ್ಕೆ ಇನ್ನೇನು ಉಳಿದಿತ್ತು. ಅವ್ವ ಅವಳ ಕಡೆ ತಿರುಗಿದಳು.

“ನಾ ಹೊರಗ ಕಾಯ್ಕೊಂತ ಕುಂತೀನಿ, ನೀ ಒಳಗ ಥಂಡಿ ಹಾಕ್ಕೊಂಡು ಮಲಗಿದ್ಯಾ?”

“ಕೆಂಡ ಇಡಂಗಿಲ್ಲ ಅಂದಾಕಿ ನೀ ಅಲ್ಲೇನ ಆಯಿ?”

“ಸೊಂಟ ಯಾರದು?”

“ಬೆವರ ಯಾರದು?”

ಇದು ಬೆಳೆಯುವ ಲಕ್ಷಣ ಕಂಡು ನಾನು ಹೆಂಡತಿಯತ್ತ ತಿರುಗಿದೆ. ಕಟ್ಟೆಯ ಮೇಲೆ ಕೂಸನ್ನು ಹಿಡಿದು ದಿನವೂ ಆ ತಾಸು ಕೂರುತ್ತಿದ್ದವಳು ಅವಳೇ. ನಿನಗೆ ಇದೆಲ್ಲ ಗೊತ್ತಿತ್ತೇ ಎಂದೆ. ಶೆಗಡಿಯೂ ಗೊತ್ತಿತ್ತು, ಗುಂಡಿಯೂ ಗೊತ್ತಿತ್ತು ಎಂದಳು. ಮತ್ತೆ ಹೇಳಲಿಲ್ಲ ಯಾಕೆ?

“ನೀವು ರಾಜಿ ಮಾಡಸುವಾಗ ನನ್ನ ಕರದಿದ್ರೇನು?”

ನಾನು ಹೋಗಿ ಮೆಕ್ಯಾನಿಕ್‌ಗೆ ಕೈ ಒರೆಸಲು ಬಟ್ಟೆ ತಂದುಕೊಟ್ಟೆ.

ಅವ್ವ ಈಗ ಮೆಕ್ಯಾನಿಕ್‌ನನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದಳು. ಹೊಗೆಯ ವಾಸನೆಯಿಂದ ಮೂರು ಜಿನಸನ್ನೂ ಬಿಡಿಸಿ ಹೇಳಿದ ಗಂಡಸನ್ನು ಅವಳು ಆಯುಷ್ಯದಲ್ಲಿ ಕಂಡಿರಲಿಲ್ಲ. ಇದೆಲ್ಲ ನಿನಗೆ ಹೆಂಗ ಗೊತ್ತು ಎಂದು ಕೇಳಿದಳು. ಅವನು ಜಾಳಿಗೆಯನ್ನು ನೋಡುತ್ತ ಸ್ವಲ್ಪ ನಾಚಿಕೊಂಡ.

“ನನ್ನ ತಂಗಿ ಬಾಣಂತನಕ್ಕ ನಾನೂ ಒಂದು ಎಸಿ ಹಾಕಿದ್ನಿರಿ. ನಮ್ಮವ್ವ ನಿಮ್ಮಂಗ. ಅದು ಇಪ್ಪತ್ತ ದಿನಕ್ಕ ಸತ್ತಿತ್ತು. ಇದು ಇಪ್ಪತ್ತಾರು ತಗದೈತಿ, ಇದ ಭಾರಿ.”

ಅವ್ವನಿಗೆ ಇಷ್ಟು ಸಾಕಾಯಿತು. ಅವನನ್ನು ಕೂರಿಸಿ ಒಂದು ಅಂಟಿನುಂಡಿ ಕೊಟ್ಟಳು, ಕೂಸನ್ನೂ ತೋರಿಸಿದಳು. ಕಣ್ಣು ಬೀಳುವ ಮಾತು ಅಂದಿಗೆ ಮರೆತುಹೋಯಿತು. ಅವನು ಉಂಡಿ ತಿನ್ನುತ್ತ ದಾರಿ ಹೇಳಿದ. ಯಂತ್ರಕ್ಕೆ ಇನ್ನೂ ಜೀವವಿದೆ, ಒಳಗಿನ ಕೊಳವೆಗಳನ್ನೆಲ್ಲ ತೊಳೆದು ಕೊಡುತ್ತೇನೆ. ಆದರೆ ಕೆಂಡ ಒಂದು ಖೋಲಿ, ಎಸಿ ಇನ್ನೊಂದು ಖೋಲಿ, ನಡುವೆ ಮುಚ್ಚಿದ ಬಾಗಿಲು. ನಮ್ಮ ಮನೆಯಲ್ಲಿ ನಡುಮನೆ ಬಿಟ್ಟರೆ ಇದ್ದ ಖೋಲಿ ಒಂದೇ, ನನ್ನದು. ಎಲ್ಲರೂ ನನ್ನ ಕಡೆ ನೋಡಿದರು. ಹತ್ತಕ್ಕೆ ಕಚೇರಿಗೆ ಹೊರಡುವ ನನಗೆ ಆಮೇಲೆ ಆ ಖೋಲಿಯಲ್ಲಿ ಏನು ಕೆಲಸ ಎಂದು ಹೆಂಡತಿ ಕೇಳಿದಳು. ಈ ಸಲದ ರಾಜಿಯಲ್ಲಿ ಅವಳೂ ಇದ್ದಳಾದ್ದರಿಂದ ಅದು ಕೊನೆಯ ತನಕ ನಿಂತಿತು.

ಮಗಳು ಮಾತ್ರ ಒಪ್ಪಿದೆನೆಂದು ಹೇಳಲಿಲ್ಲ. ರವಿವಾರದ ಗಾಡಿಯನ್ನೂ ಬೇಡವೆನ್ನಲಿಲ್ಲ. ಅವ್ವ ರಾತ್ರಿಯೇ ನನ್ನ ಖೋಲಿಯನ್ನು ಗುಡಿಸಿ, ಹೊರಸಿನ ಹಗ್ಗ ಬಿಗಿದು, ಶೆಗಡಿಯ ಬೂದಿ ತೆಗೆದಿಟ್ಟಳು. ಪರೀಕ್ಷೆಗೆ ಕೂರುವವರ ತಯಾರಿ ಅದು.

ರವಿವಾರ ಹತ್ತೂವರೆಗೆ ಅಳಿಯ ಗಾಡಿ ತಂದ. ನಡುಮನೆಯಲ್ಲಿ ಎಸಿ ಕಂಪ್ಯೂಟರುಗಳಿಗೆ ಬೀಸುತ್ತಿದ್ದಂಥ ಗಾಳಿ ಬೀಸುತ್ತಿತ್ತು. ತೊಟ್ಟಿಲಲ್ಲಿ ಕೂಸು ಕುಂಚಿಗೆಯೊಳಗಿಂದ ಮೂಗಷ್ಟೇ ಕಾಣಿಸಿ ಮಲಗಿತ್ತು. ಹೆಂಡತಿ ಎಲ್ಲಿ ಎಂದು ಅಳಿಯ ಕೇಳಿದ. ನಾನು ನನ್ನ ಖೋಲಿಯ ಮುಚ್ಚಿದ ಬಾಗಿಲನ್ನು ತೋರಿಸಿದೆ. ಅದರ ಸಂದಿಯಿಂದ ಹೊಗೆ ಬರುತ್ತಿತ್ತು. ಅವನು ಗಾಬರಿಯಾಗಿ ಎದ್ದು ನಿಂತ. ಹೊಸ್ತಿಲಲ್ಲಿ ಕೂತಿದ್ದ ಅವ್ವ ಅವನಿಗೆ ಕೂರುವಂತೆ ಕೈ ಮಾಡಿದಳು. ಅವಳು ಬಾಗಿಲಿನಿಂದ ಕಣ್ಣು ತೆಗೆದಿರಲಿಲ್ಲ.

ತಾಸಾದ ಮೇಲೆ ಬಾಗಿಲು ತೆರೆಯಿತು. ಮಗಳು ಹೊರಬಂದಳು. ಮುಖ ಕೆಂಪಗೆ ಗುಲಗಂಜಿಯಂತಾಗಿತ್ತು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು, ಕೂದಲಿನಿಂದ ಇನ್ನೂ ಹೊಗೆ ಏಳುತ್ತಿತ್ತು. ಅವ್ವ ಎದ್ದು ಅವಳ ಕುತ್ತಿಗೆ ಮುಟ್ಟಿ, ಒದ್ದೆಯಾದ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಇಪ್ಪತ್ತಾರು ದಿನ ಬಾರದ ಬೆವರು. ಮಗಳು ಯಾರನ್ನೂ ಮಾತಾಡಿಸದೆ ನೇರ ನಡುಮನೆಗೆ ಹೋಗಿ, ಸ್ಕಾರ್ಫ್ ಬಿಚ್ಚದೆಯೇ ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕೂತಳು. ಕಣ್ಣು ಮುಚ್ಚಿ, ಬಾಯಿ ತೆರೆದು, ಉದ್ದಕ್ಕೆ ಒಂದು ಉಸಿರು ಬಿಟ್ಟಳು. ಅಂಥ ಸುಖದ ಉಸಿರನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಕ್ವಾರ್ಟರ್ಸಿನಲ್ಲಿ ದಿನವಿಡೀ ಎಸಿಯಲ್ಲೇ ಇರುವವರಿಗೆ ಅದು ಸಿಗಲಾರದು, ಯಾಕೆಂದರೆ ಅಲ್ಲಿ ಕೆಂಡ ಇಲ್ಲ. ಅಳಿಯ ಬಾಗಿಲಲ್ಲಿ ನಿಂತು, ಹೊರಡೋಣವೇ ಎಂದ.

“ನೀವು ಹೋಗ್ರಿ,” ಎಂದಳು ಕಣ್ಣು ತೆರೆಯದೆ. “ನಾ ಮೂರು ತಿಂಗಳು ಮುಗಿಸಿ ಬರ್ತೀನಿ.”

ಅವ್ವ ಕಿವಿ ಕೇಳದವಳು, ಆ ಮಾತನ್ನು ಎರಡು ಖೋಲಿಗಳ ಆಚೆಯಿಂದ ಕೇಳಿಸಿಕೊಂಡಳು.

ಬಾಗಿಲ ಹಿಂದಿನ ಗೆರೆಗಳು ತೊಂಬತ್ತಾದವು. ಆ ಗೆರೆಗಳನ್ನು ಕಂಡ ದಿನ ಮಾಲೀಕರು ಬಹಳ ಹೊತ್ತು ನಿಂತು ನೋಡಿ, ಮೊಳೆಯಂತೂ ಅಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಬಕೆಟ್ ಎತ್ತಿಕೊಂಡು ಹೋದರು. ನನ್ನ ಅಂಗಿಗಳೆಲ್ಲ ಆ ಖೋಲಿಯಲ್ಲೇ ಇರುತ್ತಿದ್ದವಾದ್ದರಿಂದ ಕಚೇರಿಯಲ್ಲಿ ನಾನು ಕಡತ ಹಿಡಿದು ಯಾರ ಪಕ್ಕ ನಿಂತರೂ ಅವರು ಒಮ್ಮೆ ಮೂಗೆಳೆದು, ಮನೆಯಲ್ಲಿ ಬಾಣಂತಿಯೇ ಎಂದು ವಿಚಾರಿಸುತ್ತಿದ್ದರು. ಮುಂದಿನ ಯುಗಾದಿಯ ತನಕವೂ ವಿಚಾರಿಸಿದರು.

ಮಗಳು ಗಿಣಿಗೇರಾಕ್ಕೆ ಹೊರಟ ದಿನ ಅವ್ವ ಗಂಟೊಂದನ್ನು ಗಾಡಿಯಲ್ಲಿ ಇಟ್ಟಳು. ಅದರೊಳಗೆ ಸಣ್ಣ ಶೆಗಡಿ, ಲೋಬಾನ, ಅಜವಾನ. ಇದನ್ನು ಅಲ್ಲಿ ಯಾರು ಹಾಕುತ್ತಾರೆ ಆಯಿ ಎಂದು ಮಗಳು ನಕ್ಕಳು, ಆದರೆ ಇಳಿಸಲಿಲ್ಲ. ಎಸಿಯನ್ನು ತೆಗೆಸುವುದೇ ಎಂದು ನಾನು ಅವ್ವನನ್ನು ಕೇಳಿದೆ. ಇಷ್ಟು ಲಗೂನ ಯಾಕೆ, ಕೂಸು ಆಗಾಗ ಬರುತ್ತದಲ್ಲ ಎಂದಳು. ಮಧ್ಯಾಹ್ನದ ಹೊತ್ತು, ಯಂತ್ರ ಸರಿಯಾಗಿದೆಯೋ ಇಲ್ಲವೋ ನೋಡಬೇಕೆಂದು, ಅವಳು ದಿನವೂ ಒಂದೆರಡು ತಾಸು ಅದರ ಮುಂದೆ ಸ್ಕಾರ್ಫ್ ಕಟ್ಟಿಕೊಂಡು ಮಲಗಿ ಪರೀಕ್ಷಿಸತೊಡಗಿದಳು.

ಹದಿನೈದು ದಿನ ಕಳೆದಿರಬೇಕು, ಅಳಿಯನ ಫೋನ್ ಬಂತು. ಕ್ವಾರ್ಟರ್ಸಿನ ಎಸಿ ಯಾಕೋ ಬಿಸಿಗಾಳಿ ಬಿಡುತ್ತಿದೆ, ನಾನು ಡ್ಯೂಟಿಗೆ ಹೋದ ಮೇಲೆಯೇ ಕೆಡುತ್ತದೆ, ಕಾರ್ಖಾನೆಯವರು ಕರೆಂಟು ಕಡಿಮೆ ಅನ್ನುತ್ತಾರೆ, ನಿಮ್ಮ ಗಂಗಾವತಿಯವನ ನಂಬರು ಕೊಡಿ ಎಂದ.

“ನಂಬರ್ ಆಮ್ಯಾಲ ಕೊಡ್ತೀನಿ,” ಎಂದೆ. “ಮೊದಲ ಅದರ ಜಾಳಿಗಿ ತಗದು ಮೂಸಿ ನೋಡ್ರಿ.”

ಅವನು ಹೋದ. ಆ ಕಡೆ ಮುಚ್ಚಳ ಕಳಚುವ ಸದ್ದು, ಆಮೇಲೆ ಮೂಗೆಳೆದ ಸದ್ದು, ಒಂದು ಸೀನು. ಈ ಕಡೆ ಅವ್ವ ಎಸಿಯ ಮುಂದೆ ಮಲಗಿದಲ್ಲಿಂದಲೇ ಏನಂತೆ ಎಂದು ಕೈಸನ್ನೆ ಮಾಡಿದಳು. ಹೇಳಿದೆ. ಅವಳ ಮುಖದಲ್ಲಿ ಮೆಲ್ಲಗೆ ಒಂದು ನಗು ಹರಡಿತು. ಸ್ಕಾರ್ಫನ್ನು ಕಿವಿಯ ಮೇಲೆ ಎಳೆದುಕೊಂಡು, ಬಾಗಿಲು ಮುಂದೆ ಮಾಡು, ಥಂಡಿಯೆಲ್ಲ ಹೊರಗೆ ಹೋಗುತ್ತಿದೆ ಎಂದಳು.